ಘಟ್ಟದ ಕೆಳಗಿನ ಗಾಡಿ, ಘಟ್ಟದ ಮೇಲಿನ ಮನೆ: ಒಂದು ಹಳೇ ಎಕ್ಸ್‌ಯುವಿ ಖರೀದಿಯ ಪ್ರಕರಣ

ಶಿರಸಿಯಿಂದ ಹದಿನೈದು ಕಿಲೋಮೀಟರ್ ಒಳಗೆ ಮನೆ, ಅಡಿಕೆ ತೋಟ, ಮನೆಯಲ್ಲಿ ಆರು ಜನ. ನನ್ನ ಅಕ್ಕ, ಭಾವ, ಇಬ್ಬರು ಮಕ್ಕಳು, ಭಾವನ ಅಪ್ಪ ಮತ್ತು ಆಯಿ. ಇದ್ದದ್ದು ಒಂದು ಹಳೇ ಆಲ್ಟೊ. ಎಲ್ಲರೂ ಒಟ್ಟಿಗೆ ಹೊರಡಬೇಕೆಂದರೆ ಬಾಡಿಗೆ ಓಮ್ನಿಗೆ ಹೇಳಬೇಕು. ಭಾವನ ಅಪ್ಪನಿಗೆ ಮಂಡಿ ನೋವು. ಆಲ್ಟೊದ ತಗ್ಗು ಸೀಟಿನಿಂದ ಏಳುವುದೇ ಅವರಿಗೆ ಒಂದು ಕೆಲಸ. ಹುಬ್ಬಳ್ಳಿ ಆಸ್ಪತ್ರೆಗೆ ಓಡಾಟ ಜಾಸ್ತಿಯಾದ ಮೇಲೆ ದೊಡ್ಡ ಗಾಡಿಯ ಮಾತು ಶುರುವಾಯಿತು.

ಚಾಲಿ ಅಡಿಕೆ ಮಾರಿದ ದುಡ್ಡಿನಲ್ಲಿ ಏಳು ಲಕ್ಷ ತೆಗೆದಿಟ್ಟಿದ್ದರು. ಸಾಲ ಬೇಡ ಅಂತ ಮೊದಲೇ ತೀರ್ಮಾನ. ಅಷ್ಟಕ್ಕೆ ಹೊಸದು ಬೇಕೆಂದರೆ ಏಳು ಸೀಟಿನ ಟ್ರೈಬರ್ ಇತ್ತು. ಆದರೆ ಆರು ಜನ ಕೂತು ಕುಮಟಾ ದಾರಿಯ ದೇವಿಮನೆ ಘಟ್ಟ ಹತ್ತಲು ಒಂದು ಲೀಟರ್ ಎಂಜಿನ್ ಸಾಲದು ಅನ್ನುವುದು ಭಾವನ ವಾದ. ಹಾಗಾಗಿ ಸೆಕೆಂಡ್ ಹ್ಯಾಂಡ್. ಕಣ್ಣು ಬಿದ್ದದ್ದು ಮಹೀಂದ್ರಾ ಎಕ್ಸ್‌ಯುವಿ 500 ಮೇಲೆ. ನಮ್ಮ ಕಡೆ ‘ಫೈವ್ ಡಬಲ್ ಓ’ ಅಂದರೇ ಎಲ್ಲರಿಗೂ ಗೊತ್ತಾಗುವುದು.

ಈ ಗಾಡಿ 2011ರಲ್ಲಿ ಬಂತು. 2015ರಲ್ಲಿ ಮತ್ತು 2018ರಲ್ಲಿ ಮುಖ ಬದಲಾಯಿಸಿಕೊಂಡಿತು. 2021ರಲ್ಲಿ ಎಕ್ಸ್‌ಯುವಿ 700 ಬಂದ ಮೇಲೆ ನಿಂತುಹೋಯಿತು. 2.2 ಲೀಟರ್ ಡೀಸೆಲ್ ಎಂಜಿನ್, 2018ರ ತನಕ 140 ಎಚ್‌ಪಿ, ಆಮೇಲೆ 155. ಬೊಲೆರೋ, ಸ್ಕಾರ್ಪಿಯೋಗಳ ಹಾಗೆ ಚಾಸಿಯ ಮೇಲೆ ಬಾಡಿ ಕೂರಿಸಿದ ಗಾಡಿ ಅಲ್ಲ ಇದು. ಸಣ್ಣ ಕಾರುಗಳ ಹಾಗೆ ಬಾಡಿಯೇ ಚಾಸಿ. ಇನ್ನೊಂದು, ಎಳೆಯುವುದು ಮುಂದಿನ ಚಕ್ರ. ನಾಲ್ಕೂ ಚಕ್ರ ಎಳೆಯುವ ಮಾಡೆಲ್ ಇತ್ತು, ನಮ್ಮ ಕಡೆ ಸಿಗುವುದು ಅಪರೂಪ. ನಮ್ಮ ಜಿಲ್ಲೆಯಲ್ಲಿ ಈ ಗಾಡಿಯ ಬಗ್ಗೆ ಕೇಳಿಬರುವ ಅರ್ಧ ಜಗಳ ಈ ಎರಡು ಸಂಗತಿಯಿಂದಲೇ ಹುಟ್ಟಿದ್ದು.

ಕೇಳಿದಷ್ಟೂ ಗೊಂದಲ

ಭಾವ ಮೊದಲು ಮಾಡಿದ ಕೆಲಸ ಎಲ್ಲರೂ ಮಾಡುವುದೇ. ಇಟ್ಟುಕೊಂಡವರನ್ನೆಲ್ಲ ಹುಡುಕಿ “ಗಾಡಿ ಹೆಂಗಿದ್ದು?” ಅಂತ ಕೇಳುತ್ತ ಹೋದರು. ಬಂದ ಉತ್ತರಗಳು ಒಂದಕ್ಕೊಂದು ತಾಳೆಯೇ ಆಗಲಿಲ್ಲ.

ಹೊನ್ನಾವರದ ಕಡೆಯ ಒಬ್ಬ ವ್ಯಾಪಾರಸ್ಥರು. ಗಾಡಿ ಒಂದು ಲಕ್ಷ ನಲವತ್ತು ಸಾವಿರ ಕಿಲೋಮೀಟರ್ ಓಡಿದೆ. “ಕ್ಲಚ್ ಇನ್ನೂ ಮೊದಲಿನದೇ, ಕೈ ಹಾಕಿಲ್ಲ. ಮೈಲೇಜ್ 15ಕ್ಕೆ ಕಡಿಮೆ ಇಲ್ಲ. ಕಣ್ಣು ಮುಚ್ಚಿ ತಗೊಳ್ಳಿ” ಅಂದರು. ಆಮೇಲೆ ಮಾತಿನ ಮಧ್ಯೆ, ಹಿಂದಿನ ಬಾಗಿಲಿನ ಕೆಳ ಅಂಚು ತುಕ್ಕು ಹಿಡಿದು ಒಮ್ಮೆ ಕಟ್ ಮಾಡಿ ವೆಲ್ಡಿಂಗ್ ಮಾಡಿಸಿದ್ದು, ಎಸಿ ಕಂಡೆನ್ಸರ್ ಸೋರಿ ಬದಲಾಯಿಸಿದ್ದು ಹೊರಗೆ ಬಂತು. ಅವರಿಗೆ ಅದು ದೂರು ಅನ್ನಿಸಿಯೇ ಇರಲಿಲ್ಲ. ಕಡಲ ಪಕ್ಕ ಇರುವವರಿಗೆ ತುಕ್ಕು ಅಂದರೆ ಮಳೆಗಾಲದ ಹಾಗೆ, ಬಂದೇ ಬರುತ್ತದೆ.

ಸಿದ್ದಾಪುರದ ಹತ್ತಿರದ ಒಬ್ಬ ತೋಟಿಗರು, ಅದೇ ಎಂಜಿನ್, ಅದೇ ವರ್ಷದ ಮಾಡೆಲ್. ತೊಂಬತ್ತು ಸಾವಿರ ಕಿಲೋಮೀಟರಿಗೆ ಎರಡು ಸಲ ಕ್ಲಚ್ ಸೆಟ್ ಬದಲು, ಪ್ರತಿ ಸಲವೂ 25 ಸಾವಿರದ ಮೇಲೆ. ಸಸ್ಪೆನ್ಷನ್ ಬುಷ್, ಲಿಂಕ್ ರಾಡ್ ಹೆಚ್ಚುಕಡಿಮೆ ವರ್ಷಕ್ಕೊಮ್ಮೆ. ಮೈಲೇಜ್ 10, ಬಹಳ ಅಂದರೆ 11. ಮಳೆಗಾಲದಲ್ಲಿ ಮನೆ ಏರು ಹತ್ತುವುದಿಲ್ಲ, ರಸ್ತೆ ಬದಿ ನಿಲ್ಲಿಸಿ ನಡೆದು ಹೋಗುವುದು. “ನಿಂಗೆ ಬ್ಯಾಡ ಮಾರಾಯ, ಬೊಲೆರೋ ತಗ” ಅಂದರು.

ಯಲ್ಲಾಪುರದ ಒಬ್ಬ ಹಳದಿ ಬೋರ್ಡಿನವರು ಎಕ್ಸ್‌ಯುವಿ ಮಾರಿ ಇನ್ನೋವಾ ತಗೊಂಡವರು. ಅವರು ಇನ್ನೋವಾ ಬಿಟ್ಟು ಬೇರೆ ಮಾತಾಡಲಿಲ್ಲ. ಬೆಂಗಳೂರಿನ ಒಬ್ಬ ನೆಂಟರು ಪಾರ್ಕಿಂಗ್ ಸಿಗುವುದಿಲ್ಲ ಅಂತ ಮಾರಿದವರು, ಅವರಿಗೆ ಗಾಡಿಯೇ ಕೆಟ್ಟದ್ದು.

ಭಾವ ಇಷ್ಟು ಕೇಳಿ ತಲೆ ಕೆಡಿಸಿಕೊಂಡು ನನಗೆ ಫೋನ್ ಮಾಡಿದರು. ಇದರಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೆ ಅನ್ನುವುದು ಅವರ ಪ್ರಶ್ನೆ.

ಯಾರೂ ಹೇಳುತ್ತಿರಲಿಲ್ಲ. ಒಬ್ಬೊಬ್ಬರು ತಮ್ಮ ರಸ್ತೆಯ ಬಗ್ಗೆ ಹೇಳುತ್ತಿದ್ದರು, ಗಾಡಿಯ ಹೆಸರು ಹಾಕಿ. ನನಗೆ ಈ ಪ್ರಕರಣದಲ್ಲಿ ಬರೆಯಬೇಕು ಅನ್ನಿಸಿದ್ದು ಇದೇ ಕಾರಣಕ್ಕೆ. ಹೊನ್ನಾವರದವರು ದಿನಾ ಓಡುವುದು ರಾಷ್ಟ್ರೀಯ ಹೆದ್ದಾರಿ 66ರಲ್ಲಿ. ಐದನೇ, ಆರನೇ ಗೇರಿಗೆ ಹಾಕಿದರೆ ಕುಂದಾಪುರದ ತನಕ ಕ್ಲಚ್ ಮೇಲೆ ಕಾಲಿಡುವ ಪ್ರಸಂಗವೇ ಕಡಿಮೆ. ಕ್ಲಚ್ ಸವೆಯುವುದು ಕಿಲೋಮೀಟರಿನಿಂದ ಅಲ್ಲ, ಒತ್ತಿ ಬಿಡುವುದರಿಂದ. ಸಿದ್ದಾಪುರದವರದ್ದು ಬೇರೆಯೇ ಓಡಾಟ. ಲಾರಿಯ ಹಿಂದೆ ತಿರುವಿನಲ್ಲಿ ಒಂದನೇ ಗೇರು, ಹಾಫ್ ಕ್ಲಚ್, ಮತ್ತೆ ಒಂದನೇ ಗೇರು. ಮನೆ ಹತ್ತಿರ ಬಂದರೆ ಏರಿನಲ್ಲೇ ರಿವರ್ಸ್. ಅಲ್ಲಿ ಯಾವ ಕಂಪನಿಯ ಕ್ಲಚ್ ಹಾಕಿದರೂ ಅಷ್ಟೇ ಬಾಳುವುದು. ಆದರೆ ಅವರ ಗಾಡಿಯ ಅಡಿ ನೋಡಿದರೆ ತುಕ್ಕಿನ ಸುದ್ದಿ ಇಲ್ಲ.

ಇಲ್ಲ ಅಂದರೆ ಪೂರ್ತಿ ಇಲ್ಲ ಅಂತಲ್ಲ. ಒಂದು ಕಡೆ ಇತ್ತು. ಡಿಕ್ಕಿಯ ಮ್ಯಾಟ್ ಎತ್ತಿದಾಗ ಬಲ ಮೂಲೆಯಲ್ಲಿ ಅಂಗೈ ಅಗಲ ಪೇಂಟ್ ಎದ್ದು, ತಗಡು ಕೆಂಪಗಾಗಿ, ಒಂದು ಕಡೆ ಬೆರಳು ತೂರುವಷ್ಟು ತೂತು. ಸುತ್ತ ತಿಳಿ ನೀಲಿ ಪುಡಿ. ಮೈಲುತುತ್ತ! ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಕಾಲಕ್ಕೆ ಶಿರಸಿ ಪೇಟೆಯಿಂದ ಮೈಲುತುತ್ತದ ಚೀಲ ಇದರಲ್ಲೇ ತಂದಿದ್ದಾರೆ, ಚೀಲ ಒದ್ದೆಯಾಗಿ ಸೋರಿದೆ. ಮೈಲುತುತ್ತದ ನೀರು ಕಬ್ಬಿಣವನ್ನು ತಿನ್ನುವುದು ಅದಕ್ಕೆ ಸುಣ್ಣ ಸೇರಿಸಿ ಬೋರ್ಡೋ ಔಷಧಿ ಮಾಡಿದವರಿಗೆಲ್ಲ ಗೊತ್ತು. ಅದಕ್ಕೇ ಅಲ್ವಾ ಅದನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕದಡುವುದು? ಗಾಡಿಗೆ ಮಾತ್ರ ಆ ಮರ್ಯಾದೆ ಸಿಕ್ಕಿರಲಿಲ್ಲ.

ಇಷ್ಟಾದ ಮೇಲೆ ಭಾವ ಕೇಳುವ ಪ್ರಶ್ನೆ ಬದಲಾಯಿಸಿದರು. “ಹೆಂಗಿದ್ದು” ಬಿಟ್ಟು, “ಕಳೆದ ಎರಡು ವರ್ಷದಲ್ಲಿ ಎಂತೆಂತ ಬದಲಾಯಿಸಿದ್ರಿ, ಎಷ್ಟು ಬಿಲ್ ಆತು” ಅಂತ ಕೇಳತೊಡಗಿದರು. ಅಭಿಪ್ರಾಯ ಹೇಳುವಾಗ ಜನಕ್ಕೆ ಅಭಿಮಾನ ಇರುತ್ತದೆ, ಸಿಟ್ಟು ಇರುತ್ತದೆ. ಬಿಲ್ಲಿಗೆ ಎರಡೂ ಇಲ್ಲ. ಮಾರಲು ಹೊರಟವರು ಹೊಗಳುತ್ತಾರೆ, ಮಾರಿದವರು ಬೈಯುತ್ತಾರೆ. ಆದರೆ ಲಿಂಕ್ ರಾಡ್ ಯಾವ ತಿಂಗಳು ಬದಲಾಯಿತು ಅನ್ನುವುದನ್ನು ಇಬ್ಬರೂ ಒಂದೇ ತರಹ ಹೇಳುತ್ತಾರೆ.

ಯಾರೂ ಕೇಳದ ಒಬ್ಬರಿದ್ದರು. ಮೂರನೇ ಸಾಲಿನಲ್ಲಿ ಕೂರುವವರು. ಗಾಡಿ ಓಡಿಸುವವರೆಲ್ಲ “ಏಳು ಜನ ಆರಾಮ” ಅನ್ನುತ್ತಾರೆ. ಸಿದ್ದಾಪುರದವರ ಮಗಳು ಕಾಲೇಜಿಗೆ ಹೋಗುವವಳು, ಅವಳನ್ನು ಅಕ್ಕ ಮಾತಾಡಿಸಿದಳು. ಮಂಡಿ ಎದೆಗೆ ತಾಗುತ್ತದೆ, ಕುಮಟಾಕ್ಕೆ ಇಳಿಯುವಾಗ ಪ್ರತಿ ಸಲ ವಾಂತಿ, ಕವರ್ ಇಟ್ಟುಕೊಂಡೇ ಕೂರುವುದು ಅಂದಳು. ಮೂರೂ ಸಾಲು ಎತ್ತಿದರೆ ಡಿಕ್ಕಿಯಲ್ಲಿ ಒಂದೆರಡು ಕೈಚೀಲಕ್ಕಷ್ಟೇ ಜಾಗ. ಅಂದರೆ ಆರು ಜನ ಗೋಕರ್ಣಕ್ಕೆ ಹೋಗಿ ಬರಬಹುದು, ಆರು ಜನ ಮತ್ತು ಮದುವೆಮನೆಯ ಸಾಮಾನು ಆಗುವುದಿಲ್ಲ. ಹಿಂದೆ ಕೂರುವವರು ಮಕ್ಕಳೇ, ಹಿರಿಯರು ಮಧ್ಯದ ಸಾಲು ಅಂತ ಅಲ್ಲೇ ನಿಶ್ಚಯವಾಯಿತು.

ಬಿಟ್ಟ ಗಾಡಿಗಳು

ಮೂರು ಗಾಡಿ ಬಿಟ್ಟೆವು. ಒಂದು ದಿಲ್ಲಿಯದ್ದು. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸುವ ಹಾಗಿಲ್ಲ ಅನ್ನುವ ಆದೇಶ ಬಂದ ಮೇಲೆ ಅಗ್ಗದ ಗಾಡಿಗಳು ಈ ಕಡೆ ಬರತೊಡಗಿದ್ದವು. ಬೆಲೆ ಕೇಳಿದರೆ ಬಾಯಲ್ಲಿ ನೀರು ಬರುತ್ತದೆ. ಆದರೆ ಅಲ್ಲಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ತಂದು, ಇಲ್ಲಿ ಮರುನೋಂದಣಿ ಮಾಡಿಸಿ, ವಯಸ್ಸಿಗೆ ತಕ್ಕ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿದ ಮೇಲೆ ಆ ಅಗ್ಗ ಉಳಿಯುವುದಿಲ್ಲ. ಕಾಣಕೋಣದ ಕಡೆಯ ಗೋವಾ ನಂಬರಿನ ಗಾಡಿಗೂ ಇದೇ ಲೆಕ್ಕ. ಮಾಜಾಳಿ ದಾಟಿದರೆ ಸಾಕು, ಬೇರೆ ರಾಜ್ಯ.

ಮೂರನೆಯದು ಹುಬ್ಬಳ್ಳಿಯಲ್ಲಿದ್ದ 2020ರ ಬಿಎಸ್‌6 ಗಾಡಿ, ಅಂದರೆ ಹೊಸ ಹೊಗೆ ನಿಯಮದ್ದು. ಬೆಲೆಯೂ ಜಾಸ್ತಿ, ಅದಕ್ಕಿಂತ ಜಾಸ್ತಿ ತಲೆನೋವು ಡಿಪಿಎಫ್ ಅನ್ನುವ ಫಿಲ್ಟರಿನದ್ದು. 2020ರ ಏಪ್ರಿಲ್‌ನಿಂದ ಬಿಎಸ್‌6 ಕಡ್ಡಾಯವಾಯಿತಲ್ಲ, ಡೀಸೆಲ್ ಗಾಡಿಗಳಿಗೆ ಹೊಗೆಯ ಮಸಿ ಹಿಡಿಯುವ ಈ ಫಿಲ್ಟರ್ ಬಂತು. ಹಿಡಿದ ಮಸಿಯನ್ನು ಅದು ಸುಟ್ಟುಕೊಳ್ಳಬೇಕಾದರೆ ಗಾಡಿ ಸ್ವಲ್ಪ ಹೊತ್ತು ಒಂದೇ ಸಮನೆ ವೇಗದಲ್ಲಿ ಓಡಬೇಕು. ಭಾವನದ್ದು ದಿನಾ ಮನೆಯಿಂದ ಶಿರಸಿ, ಶಿರಸಿಯಿಂದ ಮನೆ. ನಲವತ್ತು ದಾಟುವ ಹೊತ್ತಿಗೆ ತಿರುವು ಬರುತ್ತದೆ. ಅಂಥ ಓಡಾಟಕ್ಕೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತಲೇ ಇರುತ್ತದೆ. ಹೊಸ ಮಾಡೆಲ್ ಅಂದ ಮಾತ್ರಕ್ಕೆ ಒಳ್ಳೇದು ಅಂತಲ್ಲ.

ಕಾರವಾರದ ಗಾಡಿ

ಕೊನೆಗೆ ಉಳಿದದ್ದು ಕಾರವಾರದ ಒಂದು 2016ರ ಎಕ್ಸ್‌ಯುವಿ 500, ಡಬ್ಲ್ಯು8 ಅನ್ನುವ ಮಾಡೆಲ್. ಕೆಎ 30 ನಂಬರ್, ಒಬ್ಬರೇ ಮಾಲೀಕರು, 68 ಸಾವಿರ ಕಿಲೋಮೀಟರ್. ಆರು ಏರ್‌ಬ್ಯಾಗ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಸರಕಾರಿ ನೌಕರರು, ವರ್ಗ ಆಗಿತ್ತು. ಕೇಳಿದ ಬೆಲೆ 7 ಲಕ್ಷ 10 ಸಾವಿರ. “ಬರೀ ಹೈವೇ ಓಡಿದ ಗಾಡಿ, ಘಟ್ಟ ಹತ್ತಿದ್ದೇ ಕಡಿಮೆ” ಅಂದರು.

ಮನುಷ್ಯರು ಸಜ್ಜನರು, ಮಾತು ಸುಳ್ಳಲ್ಲ. ಆದರೂ ನಾನು ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ತೋರಿಸ್ತೀರಾ ಅಂತ ಕೇಳಿದೆ. ಹಳೇ ಗಾಡಿ ನೋಡಲು ಹೋದಾಗ ಇದನ್ನು ಕೇಳುವವರು ಕಡಿಮೆ, ಕೇಳಬೇಕು. 2021ರಿಂದ ಟೋಲ್‌ಗೆ ಫಾಸ್ಟ್ಯಾಗ್ ಕಡ್ಡಾಯ, ಹಾಗಾಗಿ ಗಾಡಿ ಯಾವ ದಿನ ಯಾವ ಟೋಲ್ ದಾಟಿತು ಅನ್ನುವುದು ಬ್ಯಾಂಕಿನ ಆ್ಯಪಿನಲ್ಲೇ ಇರುತ್ತದೆ. ಅವರು ಫೋನ್ ತೆಗೆದು ಸಂಕೋಚವಿಲ್ಲದೆ ತೋರಿಸಿದರು. ಕಾರವಾರದಿಂದ ಅಂಕೋಲಾ ಕಡೆ ಹೊರಟರೆ ಹಟ್ಟಿಕೇರಿ ಟೋಲ್ ಸಿಗುತ್ತದೆ. ಅದರ ಹೆಸರು ತಿಂಗಳಿಗೆ ಒಂದೋ ಎರಡೋ ಸಲ. ಮಳೆಗಾಲದಲ್ಲಿ ಎರಡು ತಿಂಗಳು ಒಂದೂ ಇಲ್ಲ.

ಅಂದರೆ ಹೋದಾಗೆಲ್ಲ ಹೈವೇಯಲ್ಲೇ ಹೋಗಿದೆ, ಅದು ನಿಜ. ಉಳಿದ ದಿನ? ಉಳಿದ ದಿನ ಗಾಡಿ ನಿಂತಿದೆ. ನಿಂತದ್ದು ಎಲ್ಲಿ ಅಂದರೆ, ಸಮುದ್ರದಿಂದ ಕೂಗಳತೆಯಲ್ಲಿ, ಮೇಲೆ ಸೂರಿಲ್ಲದ ಅಂಗಳದಲ್ಲಿ. ಉಪ್ಪುಗಾಳಿಗೆ ಓಡುವ ಗಾಡಿಗಿಂತ ನಿಂತ ಗಾಡಿ ಇಷ್ಟ. ಟೈರಿನ ಹೂವು ಚೆನ್ನಾಗಿಯೇ ಇತ್ತು. ಆದರೆ ಬದಿಯಲ್ಲಿ ಅಚ್ಚಾದ ಕೊನೆಯ ನಾಲ್ಕು ಅಂಕಿ 2218, ಅಂದರೆ 2018ರ 22ನೇ ವಾರ ತಯಾರಾದದ್ದು. ರಬ್ಬರಿನಲ್ಲಿ ಕೂದಲೆಳೆಯ ಬಿರುಕು. ಮುಂದಿನ ಬ್ರೇಕ್ ಡಿಸ್ಕಿನ ಅಂಚು ತುಕ್ಕಿನಿಂದ ಗಡ್ಡೆ ಕಟ್ಟಿತ್ತು.

ಎಂಜಿನ್ ಚೆನ್ನಾಗಿತ್ತು. ಕ್ಲಚ್ ನೋಡಲು ಬಿಣಗಾ ಏರಿಗೆ ಒಯ್ದೆವು. ಮೂರನೇ ಗೇರಿನಲ್ಲಿ ನಿಧಾನ ಹೋಗುತ್ತ ಒಮ್ಮೆಲೇ ಎಕ್ಸಲೇಟರ್ ಒತ್ತಿದರೆ, ಕ್ಲಚ್ ಸವೆದ ಗಾಡಿಯಲ್ಲಿ ಎಂಜಿನ್ ಸದ್ದು ಏರುತ್ತದೆ, ಗಾಡಿ ಏರುವುದಿಲ್ಲ. ಇದು ಸದ್ದಿನ ಜೊತೆಗೇ ಎಳೆಯಿತು. ಭಾವನ ಮುಖ ಅರಳಿತು. ನಾನು ಇನ್ನೂ ಅಡಿ ನೋಡಿಲ್ಲ ಅಂತ ನೆನಪಿಸಿದೆ.

ಅಡಿ ನೋಡುವುದಕ್ಕೇ ಅರ್ಧ ದಿನ ಹೋಯಿತು. ಹೋದದ್ದು ಸಾರ್ಥಕ. ಒಂದು ಗ್ಯಾರೇಜಿನಲ್ಲಿ ಲಿಫ್ಟ್ ಮೇಲೆ ಏರಿಸಿದಾಗ ಅಡಿಯೆಲ್ಲ ಕಪ್ಪಗೆ ಮಿಂಚುತ್ತಿತ್ತು, ಹೊಸ ಅಂಡರ್‌ಬಾಡಿ ಕೋಟಿಂಗ್. ಹೊಸ ಕೋಟಿಂಗ್ ನೋಡಿ ಖುಷಿಪಡುವವರು ಬಹಳ, ನನಗೆ ಅದನ್ನು ಕಂಡರೇ ಅನುಮಾನ. ಒಳಗೆ ತುಕ್ಕು ಇದ್ದು ಮೇಲೆ ಬಳಿದಿದ್ದರೆ ನೀರು ಒಳಗೇ ಉಳಿದು ತಿನ್ನುತ್ತದೆ. ಮೆಕ್ಯಾನಿಕ್ ಹುಡುಗ ಹುಷಾರಿದ್ದ. ಸ್ಕ್ರೂಡ್ರೈವರಿನ ಹಿಡಿಕೆಯಿಂದ ಬಾಗಿಲ ಕೆಳಗಿನ ಉದ್ದ ಪಟ್ಟಿಯನ್ನು ಗೇಣು ಗೇಣಿಗೆ ತಟ್ಟುತ್ತ ಹೋದ. ಟಣ್, ಟಣ್, ಟಣ್. ಎಡಗಡೆ ಹಿಂದಿನ ಚಕ್ರದ ಹತ್ತಿರ ಡಬ್ ಅಂತು. ತಿರುಗಿಸಿ ತುದಿಯಿಂದ ಕೆರೆದ. ಕಪ್ಪು ಕೋಟಿಂಗ್ ಹೊಪ್ಪಳೆಯ ಹಾಗೆ ಎದ್ದು ಬಂತು, ಅದರ ಬೆನ್ನಿಗೆ ಉಗುರಿನಷ್ಟು ಅಗಲದ ಕಂದು ಚಕ್ಕೆ. ಇನ್ನೂ ಎರಡು ಕಡೆ ಕೆರೆದ, ಅಲ್ಲಿ ಗಟ್ಟಿ ತಗಡು ಸಿಕ್ಕಿತು.

ಬಾಡಿಯೇ ಚಾಸಿ ಆಗಿರುವ ಗಾಡಿಯಲ್ಲಿ ಈ ಪಟ್ಟಿ ಅಲಂಕಾರಕ್ಕೆ ಇರುವುದಲ್ಲ, ಭಾರ ಹೊರುವುದು. ಬೊಲೆರೋದ ಬಾಡಿ ತೂತು ಬಿದ್ದರೂ ಕೆಳಗೆ ಚಾಸಿ ಗಟ್ಟಿ ಇರುತ್ತದೆ. ಇಲ್ಲಿ ಆ ಸಮಾಧಾನ ಇಲ್ಲ. ತುಕ್ಕು ಪಟ್ಟಿಯ ಉದ್ದಕ್ಕೂ ಹಬ್ಬಿದ್ದರೆ ಬೇಡ ಅಂತಲೇ ಹೇಳುತ್ತಿದ್ದೆ. ಒಂದು ಕಡೆ, ಅಂಗೈ ಅಗಲ, ತೂತಾಗಿಲ್ಲ. ಮಾಡಿಸಬಹುದು.

ನೀರು ಹೊಕ್ಕಿದೆಯಾ ಅಂತಲೂ ನೋಡಿದೆವು. 2019ರ ಆಗಸ್ಟಿನಲ್ಲಿ, 2021ರ ಜುಲೈನಲ್ಲಿ ಗಂಗಾವಳಿ ಉಕ್ಕಿದಾಗ ಅಂಕೋಲಾ ಕಡೆ ಎಷ್ಟೋ ಗಾಡಿ ನೀರಿನಲ್ಲಿ ನಿಂತಿದ್ದವು. ಅವೆಲ್ಲ ಗುಜರಿಗೆ ಹೋದವು ಅಂತ ನಂಬುವವರು ನಂಬಲಿ. ಸೀಟಿನ ಕೆಳಗಿನ ಕಾರ್ಪೆಟ್ ಎತ್ತಿ, ಸೀಟ್ ಬೆಲ್ಟ್ ಪೂರ್ತಿ ಹೊರಗೆಳೆದು ನೋಡಿದರೆ ಸಾಕು. ಬೆಲ್ಟಿನ ಕೊನೆಯ ಮೊಳದಲ್ಲಿ ಕೆಸರಿನ ಗೆರೆ ಇದ್ದರೆ ಯಾರು ಎಷ್ಟು ತೊಳೆದರೂ ಹೋಗುವುದಿಲ್ಲ. ಇದರಲ್ಲಿ ಇರಲಿಲ್ಲ.

ಚೌಕಾಸಿ ಬೇಗ ಮುಗಿಯಿತು. ಭಾವ ಮಾತು ಕಡಿಮೆ ಆಡಿ ಫೋಟೋ ಜಾಸ್ತಿ ತೋರಿಸಿದರು. ಟೈರು, ಡಿಸ್ಕು, ತುಕ್ಕಿನ ಪಟ್ಟಿ. 6 ಲಕ್ಷ 25 ಸಾವಿರಕ್ಕೆ ಕೈ ಕುಲುಕಿದರು.

ಕಾಗದಪತ್ರದಲ್ಲಿ ಒಂದೇ ತೊಡಕು. ಮಾಲೀಕರ ಸಾಲ ತೀರಿ ವರ್ಷಗಳಾಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಬ್ಯಾಂಕಿನ ಪತ್ರ, ಫಾರ್ಮ್ 35 ಕೊಟ್ಟು ಅದನ್ನು ತೆಗೆಸಿದ ಮೇಲೆಯೇ ಹೆಸರು ವರ್ಗಾವಣೆಯ ಫಾರ್ಮ್ 29, 30. ಪೂರ್ತಿ ಹಣ ಅಲ್ಲಿತನಕ ಕೊಡಲಿಲ್ಲ. ವಿಮೆಯನ್ನು 14 ದಿನದೊಳಗೆ ಭಾವನ ಹೆಸರಿಗೆ ಮಾಡಿಸಿದ್ದಾಯಿತು. ನೋ ಕ್ಲೇಮ್ ಬೋನಸ್ ಮಾಲೀಕರದ್ದು, ಗಾಡಿಯದ್ದಲ್ಲ, ಅದು ಅವರ ಜೊತೆಗೇ ಹೋಯಿತು. ಫಾಸ್ಟ್ಯಾಗ್ ಬದಲಾಯಿಸುವುದು ಮಾತ್ರ ಎರಡೂ ಕಡೆಯವರಿಗೆ ಮರೆತುಹೋಗಿ, ಭಾವ ಹೊನ್ನಾವರದ ಮದುವೆಗೆ ಹೊರಟ ದಿನ ಕಾರವಾರದಿಂದ ಫೋನ್ ಬಂತು: “ನಿಮ್ಮ ಗಾಡಿ ಈಗ ಹೊಳೆಗದ್ದೆ ಟೋಲ್ ದಾಟಿತು ಅಲ್ವಾ? ದುಡ್ಡು ನನ್ನ ಖಾತೆಯಿಂದ ಹೋಯ್ತು.”

ಘಟ್ಟ ಹತ್ತಿದ ಮೇಲೆ

ನಾಲ್ಕು ಟೈರು, ಬ್ಯಾಟರಿ, ಮುಂದಿನ ಡಿಸ್ಕುಗಳು, ಪಟ್ಟಿಯ ತುಕ್ಕು ಕೆರೆದು ವೆಲ್ಡಿಂಗ್, ಪ್ರೈಮರ್, ಕೋಟಿಂಗ್. ಎಲ್ಲ ಸೇರಿ 85 ಸಾವಿರ. ಅಂದರೆ ಏಳು ಲಕ್ಷ ದಾಟಿತು.

ಮೊದಲ ಮಳೆಗೇ ಸಿದ್ದಾಪುರದವರು ಹೇಳಿದ್ದು ನಿಜವಾಯಿತು. ರಸ್ತೆಯಿಂದ ಮನೆ ಅಂಗಳಕ್ಕೆ ಸಣ್ಣದೊಂದು ಏರು, ಕೆಂಪು ಮಣ್ಣು, ಮಳೆ ಹಿಡಿದರೆ ಹಾವಸೆ. ಆರು ಜನ ಕೂತು ಬಂದರೆ ಏರಿನಲ್ಲಿ ಭಾರ ಹಿಂದಕ್ಕೆ ಹೋಗುತ್ತದೆ, ಎಳೆಯುವ ಮುಂದಿನ ಚಕ್ರ ಹಗುರಾಗಿ ಸುಮ್ನೆ ತಿರುಗುತ್ತದೆ. ಜೀಪಿನಲ್ಲಿ ಇದು ಉಲ್ಟಾ. ಹಿಂದಿನ ಚಕ್ರ ನೂಕುವ ಗಾಡಿಗೆ ಜನ ಹತ್ತಿದಷ್ಟೂ ಹಿಡಿತ. ಸೊಪ್ಪಿನ ಬೆಟ್ಟದ ದಾರಿಯಲ್ಲಿ ಹಳೇ ಜೀಪುಗಳು ದರಕು, ಅಂದರೆ ಒಣ ಎಲೆ, ಹೇರಿಕೊಂಡು ಹತ್ತುವುದು ಹಾಗೆ. ಭಾವ ಎರಡು ದಿನ ಎಲ್ಲರನ್ನೂ ರಸ್ತೆಯಲ್ಲೇ ಇಳಿಸಿದರು. ಅಪ್ಪನ ಮಂಡಿಗಾಗಿ ತಂದ ಗಾಡಿ, ಅಪ್ಪನೇ ಕೊಡೆ ಹಿಡಿದು ಏರು ಹತ್ತಬೇಕಾಯಿತು. ಮಳೆ ಬಿಟ್ಟ ಮೇಲೆ ಚಕ್ರ ಹೋಗುವಲ್ಲಿ ಎರಡು ಪಟ್ಟಿ ಕಾಂಕ್ರೀಟ್ ಹಾಕಿಸಿ, ಮೇಲೆ ಗೀರು ಎಳೆಸಿದರು. 40 ಸಾವಿರ. ಅದು ಗಾಡಿಯ ಲೆಕ್ಕ ಅಲ್ಲ ಅನ್ನುತ್ತಾರೆ ಭಾವ. ಅಕ್ಕ ಗಾಡಿಯ ಲೆಕ್ಕದಲ್ಲೇ ಬರೆದಿದ್ದಾಳೆ. ನಾನು ಅಕ್ಕನ ಕಡೆ.

ಮೈಲೇಜ್ 11 ಬರುತ್ತಿದೆ. ತಿಂಗಳಿಗೆ ಸಾವಿರ ಕಿಲೋಮೀಟರ್, ಡೀಸೆಲ್ ಲೀಟರಿಗೆ 90 ಅಂತ ಹಿಡಿದರೂ 8,200 ಆಗುತ್ತದೆ. ಹೊನ್ನಾವರದ 15 ನಂಬಿ ಲೆಕ್ಕ ಹಾಕಿದ್ದರೆ 6,000 ಅಂದುಕೊಂಡು ಕೂರಬೇಕಿತ್ತು. ಭಾವ ಸಿದ್ದಾಪುರದ ಮೈಲೇಜ್ ಹಿಡಿದೇ ಹೊರಟಿದ್ದರಿಂದ ಬೇಜಾರಾಗಿಲ್ಲ. ಕ್ಲಚ್ ಸದ್ಯ ಮೊದಲಿನದೇ, ಆದರೆ ಘಟ್ಟಕ್ಕೆ ಬಂದ ಮೇಲೆ ಅದರ ಆಯುಷ್ಯ ಹೊನ್ನಾವರದ್ದಲ್ಲ. ಅದಕ್ಕೆ ಅಂತ ಪ್ರತಿ ತಿಂಗಳು ಒಂದಿಷ್ಟು ಬೇರೆ ಇಡುತ್ತಿದ್ದಾರೆ. ಮೈಲುತುತ್ತದ ಚೀಲ ಹತ್ತಿಸಲು ಬಿಟ್ಟಿಲ್ಲ.

ಭಾವನ ಅಪ್ಪ ಮಧ್ಯದ ಸಾಲಿನಲ್ಲಿ ಹುಬ್ಬಳ್ಳಿಗೆ ಹೋಗಿ ಬಂದು “ಚೊಲೋ ಇದ್ದು” ಅಂದರು. ಸೀಟು ಸೊಂಟದ ಎತ್ತರಕ್ಕಿದೆ, ಕೂರಲು ಬಗ್ಗುವುದೂ ಬೇಡ, ಹತ್ತುವುದೂ ಬೇಡ. ಅಷ್ಟರ ಮಟ್ಟಿಗೆ ಕೆಲಸ ಆಗಿದೆ. ಹಿಂದೆ ಕೂರುವ ಮಕ್ಕಳು ದೇವಿಮನೆ ಬಂದಾಗ ಮುಂದೆ ಬರುತ್ತೇವೆ ಅಂತ ಗಲಾಟೆ ಮಾಡುತ್ತಾರೆ.

ಅಕ್ಕನ ಅಭಿಪ್ರಾಯ ಬೇರೆ. ಗಾಡಿ 1,890 ಮಿಲಿಮೀಟರ್ ಅಗಲ, ಅಂದರೆ ಆರು ಅಡಿಗೂ ಜಾಸ್ತಿ. ಎದುರಿಗೆ ಬಸ್ಸು ಬಂದರೆ ನಮ್ಮೂರ ರಸ್ತೆಯಲ್ಲಿ ಎಡಗಡೆ ಚಕ್ರ ಗಟಾರಕ್ಕೆ ಇಳಿಯುವುದೊಂದೇ ಬಾಕಿ. ಎರಡು ಸಲ ಓಡಿಸಿದಳು, ಚೆನ್ನಾಗಿಯೇ ಓಡಿಸಿದಳು. ಆಮೇಲೆ ಪೇಟೆಗೆ, ಮಕ್ಕಳ ಶಾಲೆಗೆ ಆಲ್ಟೊವನ್ನೇ ತೆಗೆಯುತ್ತಾಳೆ. ಅದನ್ನು ಮಾರುವ ಮಾತು ಸದ್ಯಕ್ಕೆ ನಿಂತಿದೆ.